ಕುಬುಸ ಮುಗಿಸಿ ತವರಿಗೆ ಬಂದ ಗರ್ಭಿಣಿಯ ಹೊಣೆ ಯಾವ ಆಶಾ ಕಾರ್ಯಕರ್ತೆಯದು?

(ದೃಶ್ಯ: ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರ ಬಸ್ ನಿಲ್ದಾಣ. ಗರ್ಭಿಣಿಯೊಬ್ಬಳು ತಾಯಿಯ ಜೊತೆ ಇಳಿಯುತ್ತಿದ್ದಾಳೆ.)

ನಿರೂಪಣೆ: ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ಬೆಳಗಾವಿ ಸೀಮೆಯಲ್ಲಿ ಇಂದಿಗೂ ಬಿಡದ ರೂಢಿ. ರಾಯಬಾಗ ತಾಲ್ಲೂಕಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ಕುಬುಸ, ಅಂದರೆ ಸೀಮಂತ, ಮುಗಿಸಿ ಸವದತ್ತಿ ತಾಲ್ಲೂಕಿನ ತವರಿಗೆ ಬಂದಳೆಂದರೆ, ಅವಳ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ಎಲ್ಲವನ್ನೂ ಏಳು ತಿಂಗಳಿಂದ ಬಲ್ಲವರು ಒಂದು ಊರಿನಲ್ಲಿ ಉಳಿದುಬಿಡುತ್ತಾರೆ, ನೋವು ಮಾತ್ರ ಇನ್ನೊಂದು ಊರಿನಲ್ಲಿ ಆರಂಭವಾಗುತ್ತದೆ. ಈ ಎರಡು ಊರುಗಳ ನಡುವೆ ಎಳೆ ಕಡಿಯದಂತೆ ನೋಡಿಕೊಳ್ಳುವವರು ಆಶಾ ಕಾರ್ಯಕರ್ತೆಯರು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು 1,000 ಜನರಿಗೆ ಒಬ್ಬ ಆಶಾ ಇರಬೇಕೆಂದು ಗೊತ್ತುಮಾಡಿತು. ಆಕೆ ಅದೇ ಊರಿನ ನಿವಾಸಿಯಾಗಿರಬೇಕೆಂಬ ನಿಯಮ ಈ ಯೋಜನೆಯ ಜೀವಾಳವೆಂದೇ ನನ್ನ ಭಾವನೆ. ಯಾರ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೆ, ಯಾರ ಗಂಡ ಕಬ್ಬು ಕಡಿಯಲು ಹೊರಗೆ ಹೋಗಿದ್ದಾನೆ, ಯಾರು ಕಬ್ಬಿಣದ ಮಾತ್ರೆಯನ್ನು ತೆಗೆದುಕೊಂಡು ಹೋಗಿ ನುಂಗದೆ ಇಟ್ಟಿದ್ದಾರೆ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ, ಆದರೆ ಅದೇ ಓಣಿಯಲ್ಲಿ ಬಾಳುವವಳಿಗೆ ತಿಳಿದಿರುತ್ತದೆ.

(ದೃಶ್ಯ: ಜೋತುಬಿಟ್ಟ ತಕ್ಕಡಿಯಲ್ಲಿ ನವಜಾತ ಶಿಶುವಿನ ತೂಕ.)

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಮಗು ಮನೆಗೆ ಬರುತ್ತದೆ, ಆಮೇಲಿನ ದಿನಗಳು ಬಹುಮಟ್ಟಿಗೆ ವೈದ್ಯರ ಕಣ್ಣಿನಿಂದ ದೂರ. ಅದಕ್ಕಾಗಿಯೇ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಮನೆಗೆ ಬರುತ್ತಾಳೆ. ತೂಕ ನೋಡುತ್ತಾಳೆ, ಜ್ವರಮಾಪಕ ಇಡುತ್ತಾಳೆ, ಮೊಲೆಹಾಲು ಸರಿಯಾಗಿ ಕುಡಿಯುತ್ತಿದೆಯೇ ಎಂದು ಕುಳಿತು ಗಮನಿಸುತ್ತಾಳೆ, ಹೊಕ್ಕಳಿಗೆ ಎಣ್ಣೆ, ಅರಿಶಿನ ಹಚ್ಚದೆ ಒಣಗಿದಂತೆ ಇಡಲು ಅಜ್ಜಿಗೆ ಮನವರಿಕೆ ಮಾಡುತ್ತಾಳೆ. ಮಗು ತಣ್ಣಗಾಗಿದ್ದರೆ, ಹಾಲು ಬಿಟ್ಟಿದ್ದರೆ, ಉಸಿರಾಡುವಾಗ ಎದೆಗೂಡು ಒಳಸೇದುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಕಳುಹಿಸುತ್ತಾಳೆ.

ಆಶಾ ಬರುವ ಮುಂಚೆಯೇ ಈ ಜಿಲ್ಲೆಯ ಹಳ್ಳಿಗಳು ಜಗತ್ತಿಗೊಂದು ಪಾಠ ಕಲಿಸಿದ್ದವು. ಹೆರಿಗೆಯಾದ ತಕ್ಷಣದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಔಷಧಿಗೆ ತಂಪಿನ ವ್ಯವಸ್ಥೆಯೂ ಬೇಕು, ಚುಚ್ಚುಮದ್ದು ಕೊಡಬಲ್ಲವರೂ ಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ, ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ನುಂಗಿಸಿದರೆ ಸಾಕಾಗುವುದೇ ಎಂದು ಪರೀಕ್ಷಿಸಿದರು. ಜಿಲ್ಲೆಯ 4 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, 1,620 ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲನ್ನೋ ಹೋಲಿಕೆಗಾಗಿ ಔಷಧಿಯಿಲ್ಲದ ಹುಸಿ ಮಾತ್ರೆಯನ್ನೋ ಕೊಟ್ಟವರು, ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತವನ್ನು ಅಳೆದವರು, ಹಳ್ಳಿಯವರು ನರ್ಸಬಾಯಿ ಎಂದು ಕರೆಯುವ ಕಿರಿಯ ಆರೋಗ್ಯ ಸಹಾಯಕಿಯರು. ಹುಸಿ ಮಾತ್ರೆ ಪಡೆದವರಲ್ಲಿ ಶೇ. 12ರಷ್ಟಿದ್ದ ಅತಿ ರಕ್ತಸ್ರಾವ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ. 6.4ರಷ್ಟೇ ಇತ್ತು. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ವೈದ್ಯರಿಲ್ಲದ ಕಡೆ, ಸರಿಯಾದ ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಇದ್ದುದರಿಂದಲೇ ಆ ಮಾತ್ರೆ ಕೆಲಸಕ್ಕೆ ಬಂದಿತು.

(ದೃಶ್ಯ: ಸಂಜೆಯ ಹೊತ್ತು, ಮನೆಯ ಕಟ್ಟೆಯ ಮೇಲೆ ದಾಖಲೆ ಬರೆಯುತ್ತಿರುವ ಆಶಾ.)

ಇಂಥ ದುಡಿಮೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ನವಜಾತ ಶಿಶುವಿನ ಆರು ಭೇಟಿಗಳನ್ನು ಪೂರೈಸಿದರೆ 250 ರೂಪಾಯಿ ಎಂದು ನಿಗದಿಯಾಗಿದೆ; ಅಂದರೆ ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ಧರಣಿ ಮಾಡಿದ ನಂತರವೇ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆಯನ್ನು ರಾಜ್ಯ ಸರ್ಕಾರದಿಂದ ಪಡೆದರು. ಇದು ನೋವಿನ ಸಂಗತಿ.

ಇನ್ನು, ತವರಿಗೆ ಹೊರಟವರ ಮನೆಯವರಿಗೆ ಒಂದು ವಿನಂತಿ. ಗರ್ಭಿಣಿಯ ತಪಾಸಣೆಯ ವಿವರಗಳಿರುವ ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಬಿಟ್ಟು ಬರಬೇಡಿ. ಹೊರಡುವ ಮುನ್ನ ಗಂಡನ ಮನೆಯ ಊರಿನ ಆಶಾಗೆ ತಿಳಿಸಿ, ಬಂದ ದಿನವೇ ತವರೂರಿನ ಆಶಾಗೆ ಕಾರ್ಡು ತೋರಿಸಿ, ಇಬ್ಬರ ಫೋನ್ ಸಂಖ್ಯೆಗಳನ್ನೂ ಆ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ.