ಒಲಿಸುವ ಬರಹ, ಒಪ್ಪಿಸುವ ಬರಹ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ನನ್ನ ಮೇಜಿನ ಮೇಲೆ ಎರಡು ಪುಟದ ಕಾಗದವೊಂದನ್ನು ಇಟ್ಟು, ‘ಸರ್, ಸ್ವಲ್ಪ ತಿದ್ದಿಕೊಡಿ’ ಎಂದಳು. ಅವಳ ಊರಿನ ಬೆಳಗಿನ ಏಳೂವರೆಯ ಬಸ್ಸು ನಿಂತುಹೋಗಿತ್ತು. ಅದನ್ನು ಮತ್ತೆ ಓಡಿಸಿರೆಂದು ಡಿಪೋ ವ್ಯವಸ್ಥಾಪಕರಿಗೆ ಬರೆದ ಮನವಿ ಅದು. ಮಳೆಯಲ್ಲಿ ನೆನೆದ ಪುಸ್ತಕ, ಮುಖ್ಯರಸ್ತೆಯವರೆಗಿನ ಮೂರು ಕಿಲೋಮೀಟರ್ ಕೆಸರು ದಾರಿ, ‘ಇಷ್ಟು ಕಷ್ಟಪಟ್ಟು ಓದಿ ಏನಾಗಬೇಕು, ಮನೆಯಲ್ಲಿರು’ ಎಂದ ಅಜ್ಜಿ, ಎಲ್ಲರೂ ಎಲ್ಲವೂ ಅದರಲ್ಲಿದ್ದರು. ಓದುತ್ತಾ ನನ್ನ ಗಂಟಲು ಕಟ್ಟಿತು. ಒಂದೆರಡು ಕಾಗುಣಿತದ ತಪ್ಪು ಬಿಟ್ಟರೆ ತಿದ್ದುವುದಕ್ಕೇನೂ ಇರಲಿಲ್ಲ. ಆದರೂ ಇದನ್ನು ಈಗಲೇ ಕಳುಹಿಸಬೇಡ ಎಂದೆ.

‘ಇದನ್ನು ಓದಿದ ಅಧಿಕಾರಿ ಏನನ್ನುತ್ತಾರೆ, ಹೇಳಮ್ಮ’ ಎಂದು ಕೇಳಿದೆ. ಕ್ಷಣವೂ ಯೋಚಿಸದೆ ಅವಳೆಂದಳು: ‘ಆ ರೂಟಿನಲ್ಲಿ ಕಲೆಕ್ಷನ್ ಇಲ್ಲ ಎನ್ನುತ್ತಾರೆ ಸರ್. ಅಪ್ಪ ಹೋಗಿ ಕೇಳಿದಾಗಲೂ ಅದನ್ನೇ ಹೇಳಿದರು.’ ಆ ಮಾತು ಈ ಕಾಗದದಲ್ಲಿ ಎಲ್ಲಿದೆ ಎಂದೆ. ಎಲ್ಲೂ ಇರಲಿಲ್ಲ.

ಕಾಗದದಲ್ಲಿ ಇಲ್ಲದ ಆ ಮಾತಿನ ಬಗ್ಗೆಯೇ ಇವತ್ತು ನಾನು ಮಾತನಾಡಬೇಕೆಂದಿದ್ದೇನೆ.

ಪಠ್ಯಪುಸ್ತಕಗಳು ಮನವೊಲಿಸುವ ಬರಹ, ವಾದಾತ್ಮಕ ಬರಹ ಎಂದು ಎರಡು ಹೆಸರು ಹೇಳಿ ಮುಂದಕ್ಕೆ ಹೋಗುತ್ತವೆ. ನನಗೆ ನಮ್ಮ ಮನೆಮಾತಿನ ಎರಡು ಕ್ರಿಯಾಪದಗಳೇ ಸಾಕೆನಿಸುತ್ತದೆ: ಒಲಿಸುವುದು ಮತ್ತು ಒಪ್ಪಿಸುವುದು. ಒಲಿಸುವುದರ ಒಳಗೆ ಒಲವು ಇದೆ. ಹಟ ಹಿಡಿದ ಮಗುವನ್ನು ಒಲಿಸುತ್ತೇವೆ, ದೇವರನ್ನು ಒಲಿಸಿಕೊಳ್ಳುತ್ತೇವೆ. ಒಪ್ಪಿಸಬೇಕಾದರೆ ಮಾತ್ರ ಎದುರಿಗಿರುವವರು ಒಪ್ಪದಿರುವುದಕ್ಕೆ ಏನು ಕಾರಣ ಎಂಬುದು ನಮಗೆ ಗೊತ್ತಿರಬೇಕು. ಒಲಿಸುವ ಬರಹಗಾರ ಓದುಗನ ಮುಖವನ್ನು ನೋಡುತ್ತಾ ಬರೆಯುತ್ತಾನೆ. ಒಪ್ಪಿಸಲು ಹೊರಟವನು ಓದುಗನ ಪಕ್ಕದಲ್ಲಿ ಕುಳಿತ ಎದುರು ಪಕ್ಷದವನನ್ನೂ ಮಾತಿಗೆ ಎಳೆಯುತ್ತಾನೆ.

ನಮ್ಮ ನಾಡಿನ ಕಥೆಯಲ್ಲೇ ಈ ಎರಡೂ ಬಗೆಯ ಬರಹ ತಮ್ಮ ತಮ್ಮ ಕೆಲಸ ಮಾಡಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು, ಇವುಗಳ ನಡುವೆ ಚಿಕ್ಕಪುಟ್ಟ ಸಂಸ್ಥಾನಗಳು, ಹೀಗೆ ಹರಿದು ಹಂಚಿಹೋಗಿದ್ದರು. ಧಾರವಾಡದಲ್ಲಿ ಮರಾಠಿಯೂ ಬಳ್ಳಾರಿಯಲ್ಲಿ ತೆಲುಗೂ ಮೇಲುಗೈ ಪಡೆದಿದ್ದ ಆ ಹೊತ್ತಿನಲ್ಲಿ, ‘ನಾವೆಲ್ಲ ಒಂದು’ ಎಂಬ ಭಾವನೆಯೇ ಮೊದಲು ಹುಟ್ಟಬೇಕಾಗಿತ್ತು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ್ದು ಅದಕ್ಕಾಗಿ. ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರ ಎಂದು ಅವರು ಒಂದೊಂದಾಗಿ ಎತ್ತಿ ತೋರಿಸಿದಾಗ, ಓದುಗನಿಗೆ ತನ್ನ ಅಜ್ಜನ ಮನೆಯ ಬೀಗ ತೆರೆದ ಹಾಗಾಗಿರಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡು ಮೊಳಗಿದಾಗ ಅಲ್ಲಿದ್ದವರ ಮುಂದೆ ಯಾರೂ ಅಂಕಿಅಂಶ ಇಡಲಿಲ್ಲ. ಇಡಬೇಕಾಗಿಯೂ ಇರಲಿಲ್ಲ. ಮಲಗಿದವರನ್ನು ಎಬ್ಬಿಸುವಾಗ ಕಾರಣಗಳ ಪಟ್ಟಿ ಓದುವುದಿಲ್ಲ, ಹೆಸರು ಹಿಡಿದು ಕರೆಯುತ್ತೇವೆ.

ಮುಂದೆ ಕಾಲ ಬದಲಾಯಿತು. 1953ರ ಕೊನೆಯಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಅವರ ಮುಂದೆ ಹಾಡಿದರೆ ಸಾಲದು. ಏಕೆಂದರೆ ಏಕೀಕರಣದ ವಿರುದ್ಧವೂ ಗಟ್ಟಿಯಾದ ಮಾತಿತ್ತು, ಅದೂ ಕನ್ನಡಿಗರ ಬಾಯಿಂದಲೇ. ಮೈಸೂರು ಸಂಸ್ಥಾನದ ಅನೇಕರು ಕೇಳುತ್ತಿದ್ದರು: ನಮ್ಮಲ್ಲಿ ವಿದ್ಯುತ್ತಿದೆ, ಕಾರ್ಖಾನೆಗಳಿವೆ, ಶಾಲೆಗಳಿವೆ, ಹಿಂದುಳಿದ ಪ್ರದೇಶಗಳ ಜೊತೆ ಸೇರಿದರೆ ನಮ್ಮ ವರಮಾನ ಅಲ್ಲಿಗೆ ಹರಿದುಹೋಗುವುದಿಲ್ಲವೇ? ಕನ್ನಡಕ್ಕೆ ಎರಡು ರಾಜ್ಯಗಳಿದ್ದರೆ ತಪ್ಪೇನು? ಇಂದು ಈ ಪ್ರಶ್ನೆಗಳನ್ನು ನಾಡದ್ರೋಹ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅನ್ಯಾಯ. ಅವು ಲೆಕ್ಕ ಕೇಳುವ ಪ್ರಶ್ನೆಗಳು, ಲೆಕ್ಕದಲ್ಲೇ ಉತ್ತರ ಬೇಡುವಂಥವು. ಆಯೋಗ ಎರಡು ರಾಜ್ಯಗಳ ವಾದವನ್ನು ಎದುರಿಗಿಟ್ಟುಕೊಂಡು ತೂಗಿತು, 1955ರ ವರದಿಯಲ್ಲಿ ಒಂದೇ ರಾಜ್ಯವನ್ನು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ರಾಜ್ಯ ಉದಯವಾಯಿತು.

ಆ ವರದಿಯ ಒಂದು ಸಂಗತಿಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ದೇಶದ ಮೂಲೆಮೂಲೆಗಳಿಂದ ಆಯೋಗಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪತ್ರಗಳು, ಮನವಿಗಳು ಬಂದಿದ್ದವು. ಹೆಚ್ಚಿನವು ತಂತಿಗಳು, ಅಚ್ಚು ಹಾಕಿಸಿದ ಠರಾವುಗಳು. ಬೇಡಿಕೆಯನ್ನು ಹೇಳಿ ಸುಮ್ಮನಾಗುವಂಥವು. ಚೆನ್ನಾಗಿ ಆಲೋಚಿಸಿ ಬರೆದ ಮನವಿಗಳು ಸುಮಾರು 2000ವನ್ನು ಮೀರುವುದಿಲ್ಲ ಎಂದು ಆಯೋಗವೇ ದಾಖಲಿಸಿತು. ಉಳಿದ ಅಷ್ಟೂ ಕಾಗದಗಳ ಹಿಂದೆ ನಿಜವಾದ ನೋವು, ನಿಜವಾದ ಆಸೆ ಇದ್ದಿರಬೇಕು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ವಾದವನ್ನು ಹೇಗೆ ಕಟ್ಟಬೇಕು ಎಂಬುದು ನಮಗೆ ಹೊಸದೇನಲ್ಲ. ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಮಂಡಿಸುತ್ತಿದ್ದರು. ಎದುರಾಳಿಯ ಮಾತನ್ನು ಅವನೇ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು ಆ ಪದ್ಧತಿಯ ಹೆಚ್ಚುಗಾರಿಕೆ. ನ್ಯಾಯಶಾಸ್ತ್ರ ಮೂರು ಬಗೆಯ ಮಾತುಕತೆಯನ್ನು ಬೇರ್ಪಡಿಸುತ್ತದೆ: ಸತ್ಯ ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೇಬೇಕೆಂದು ಮಾಡುವುದು ಜಲ್ಪ, ತನ್ನದೆಂಬ ನಿಲುವೇ ಇಲ್ಲದೆ ಬರೀ ಖಂಡಿಸುವುದು ವಿತಂಡ. ‘ವಿತಂಡವಾದ’ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಅದರ ಇಬ್ಬರು ಒಡಹುಟ್ಟಿದವರನ್ನು ಮರೆತುಬಿಟ್ಟಿದ್ದೇವೆ. ಒಲಿಸುವ ಮಾತಿಗೂ ಹಿರಿಯರು ಹೆಸರಿಟ್ಟಿದ್ದಾರೆ: ವೇದ ಒಡೆಯನಂತೆ ಆಜ್ಞಾಪಿಸುತ್ತದೆ, ಪುರಾಣ ಗೆಳೆಯನಂತೆ ಬುದ್ಧಿ ಹೇಳುತ್ತದೆ, ಕಾವ್ಯವಾದರೋ ಕಾಂತೆಯಂತೆ ಒಲಿಸಿ ದಾರಿಗೆ ತರುತ್ತದೆ ಎಂದರು ಆಲಂಕಾರಿಕರು.

ಆಧುನಿಕ ಕಾಲದಲ್ಲಿ ಪೂರ್ವಪಕ್ಷದ ಧೈರ್ಯವನ್ನು ನಾನು ಕಂಡಿದ್ದು ಡಾ. ಅಂಬೇಡ್ಕರ್ ಅವರಲ್ಲಿ. 1936ರಲ್ಲಿ ಲಾಹೋರಿನ ಸಂಸ್ಥೆಯೊಂದು ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಪ್ರತಿಯನ್ನು ನೋಡಿದ ಮೇಲೆ ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಅದನ್ನು ‘ಅನಿಹಿಲೇಷನ್ ಆಫ್ ಕಾಸ್ಟ್’ (ಜಾತಿ ವಿನಾಶ) ಎಂಬ ಪುಸ್ತಕವಾಗಿ ತಾವೇ ಅಚ್ಚು ಹಾಕಿಸಿದರು. ಜಾತಿ ಎಂದರೆ ಶ್ರಮದ ವಿಭಜನೆ ಎಂಬ ಸಮರ್ಥನೆಯನ್ನು ಅವರು ಬದಿಗೆ ಸರಿಸಲಿಲ್ಲ, ಎದುರಿಗೆ ತಂದು ನಿಲ್ಲಿಸಿ, ಅದು ಶ್ರಮಿಕರದೇ ವಿಭಜನೆ ಎಂದು ತೋರಿಸಿದರು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಟೀಕಿಸಿದಾಗ, 1937ರ ಎರಡನೆಯ ಮುದ್ರಣದಲ್ಲಿ ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಒಟ್ಟಿಗೆ ಸೇರಿಸಿದರು. ತನ್ನ ಪುಸ್ತಕದೊಳಗೆ ತನ್ನ ವಿರೋಧಿಗೆ ಪುಟ ಬಿಟ್ಟುಕೊಡುವುದು! ವಾದದ ಬರಹ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಪುಸ್ತಕವನ್ನು ಕೈಗೆ ಕೊಡುತ್ತೇನೆ.

ನಮ್ಮ ಚರ್ಚಾಸ್ಪರ್ಧೆಗಳನ್ನು ನೋಡಿದಾಗ ನನಗೆ ಬೇಸರವಾಗುವುದು ಇದಕ್ಕೇ. ಮಕ್ಕಳಿಗೆ ಪರ ಅಥವಾ ವಿರೋಧ ಎಂದು ಚೀಟಿ ಎತ್ತಿಸುತ್ತೇವೆ. ಮೂರು ನಿಮಿಷ ಏರುದನಿ, ಒಂದು ಸುಭಾಷಿತ, ಚಪ್ಪಾಳೆ. ಎದುರಿನ ತಂಡ ಹೇಳಿದ್ದರಲ್ಲಿ ಯಾವುದು ನಿಜ ಎಂದು ಒಪ್ಪಿಕೊಂಡ ಮಗುವಿಗೆ ಅಂಕ ಕೊಟ್ಟ ತೀರ್ಪುಗಾರರನ್ನು ನಾನು ನೋಡಿಯೇ ಇಲ್ಲ. ಹಾಗೆಂದು ಒಲಿಸುವುದನ್ನು ಕೀಳೆಂದು ನಾನು ಭಾವಿಸುವುದಿಲ್ಲ. ರಕ್ತದಾನಕ್ಕೆ ಬನ್ನಿ ಎಂದು ಕರೆಯುವಾಗ, ಕುಡಿತ ಬಿಡು ಎಂದು ಅಣ್ಣನಿಗೆ ಕಾಗದ ಬರೆಯುವಾಗ ಪೂರ್ವಪಕ್ಷ ಮಂಡಿಸುತ್ತಾ ಕುಳಿತವನಿಗೆ ಮನುಷ್ಯರ ಪರಿಚಯವಿಲ್ಲ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಒಂದು ನೋಟ್‌ಪುಸ್ತಕ ಹಿಡಿದು ಆರು ದಿನ ಬೆಳಿಗ್ಗೆ ಊರ ಅರಳಿಕಟ್ಟೆಯ ಮೇಲೆ ಕುಳಿತಳು. ಮುಖ್ಯರಸ್ತೆಯತ್ತ ನಡೆದು ಹೋಗುವವರನ್ನು ಎಣಿಸಿ, ಅವರಲ್ಲಿ ವಿದ್ಯಾರ್ಥಿ ಪಾಸ್ ಇರುವವರು ಎಷ್ಟು ಎಂದು ಬೇರೆ ಸಾಲಿನಲ್ಲಿ ಬರೆದಳು. ಎರಡನೆಯ ಪತ್ರದ ಮೊದಲ ವಾಕ್ಯವೇ ಅಧಿಕಾರಿಯ ಮಾತಾಗಿತ್ತು: ‘ಈ ಮಾರ್ಗದಲ್ಲಿ ಸಂಗ್ರಹ ಕಡಿಮೆ ಎಂದು ತಾವು ತಿಳಿಸಿದ್ದೀರಿ, ಅದು ನಿಜವಿರಬಹುದು.’ ಆಮೇಲೆ ವಿವರಿಸಿದ್ದಳು: ಪಾಸ್ ಇರುವವರು ಕಂಡಕ್ಟರ್ ಕೈಗೆ ಹಣ ಕೊಡುವುದಿಲ್ಲ, ಆದ್ದರಿಂದ ಬಸ್ಸು ತುಂಬಿದ್ದರೂ ಚೀಲ ಹಗುರವಾಗಿಯೇ ಕಾಣುತ್ತದೆ. ಅಜ್ಜಿ, ಕೆಸರು, ನೆನೆದ ಪುಸ್ತಕ ಇದ್ದ ಮೊದಲ ಕಾಗದವನ್ನು ಅವಳು ಹರಿಯಲಿಲ್ಲ. ಮಗಳನ್ನು ಕಾಲೇಜು ಬಿಡಿಸಲು ಹೊರಟಿದ್ದ ಪಕ್ಕದ ಮನೆಯವರ ಜಗುಲಿಯಲ್ಲಿ ಕುಳಿತು ಅದನ್ನು ಓದಿ ಹೇಳಿದಳಂತೆ. ಆ ಮಗಳು ಈಗಲೂ ತರಗತಿಗೆ ಬರುತ್ತಿದ್ದಾಳೆ.

ಡಿಪೋದಿಂದ ಮೂರು ವಾರಗಳ ನಂತರ ಉತ್ತರ ಬಂತು. ಬಸ್ಸು ಬಿಡುತ್ತೇವೆ ಎಂದಿರಲಿಲ್ಲ. ‘ಸಂಜೆ ಹಿಂದಿರುಗುವವರ ಸಂಖ್ಯೆಯನ್ನು ತಾವು ನೀಡಿಲ್ಲ’ ಎಂದಿತ್ತು. ಅವಳು ಅದನ್ನು ನನಗೆ ತೋರಿಸಿದಾಗ ಅವಳ ಮುಖದಲ್ಲಿ ನಿರಾಸೆ ಇರಲಿಲ್ಲ. ನೋಟ್‌ಪುಸ್ತಕದಲ್ಲಿ ಹೊಸ ಪುಟ ತೆಗೆದು, ಗೆರೆ ಎಳೆದು, ಮೇಲೆ ‘ಸಂಜೆ’ ಎಂದು ಆಗಲೇ ಬರೆದುಕೊಂಡಿದ್ದಳು.

ನಮಸ್ಕಾರ.