ಕುತ್ತಿಗೆಗೆ ಪಟ್ಟಿ ಬೇಡ, ಕೆಲಸ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ವಾಹನ ಗುದ್ದುತ್ತದೆ. ಸೀಟು ಬೆನ್ನನ್ನು ಮುಂದಕ್ಕೆ ದೂಡುತ್ತದೆ, ತಲೆ ಮಾತ್ರ ಕ್ಷಣಕಾಲ ಇದ್ದಲ್ಲೇ ಇರುತ್ತದೆ. ಆ ಕ್ಷಣದಲ್ಲಿ ಕುತ್ತಿಗೆಯ ಕೆಳಭಾಗ ಹಿಂದಕ್ಕೂ ಮೇಲ್ಭಾಗ ಮುಂದಕ್ಕೂ ಬಾಗುತ್ತದೆ. ವೈದ್ಯರು ವಿಪ್‌ಲ್ಯಾಶ್ ಎನ್ನುವುದು ಇದನ್ನೇ. ರಕ್ತ ಬಂದಿರುವುದಿಲ್ಲ, ಎಕ್ಸ್‌ರೇಯಲ್ಲಿ ಮುರಿತ ಕಾಣುವುದಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಕುತ್ತಿಗೆ ತಿರುಗುವುದಿಲ್ಲ.

ಇನ್ನು ನೋಡಲು ಬಂದವರ ಉಪದೇಶ: 'ಮೂರು ತಿಂಗಳು ಅಲ್ಲಾಡಬೇಡಿ, ಪಟ್ಟಿ ಬಿಚ್ಚಬೇಡಿ.' ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೇಳಬಾರದ ಮಾತು. 1995ರಲ್ಲಿ ಕೆನಡಾದ ಕ್ವಿಬೆಕ್ ತಜ್ಞರ ತಂಡ ಈ ಗಾಯದ ಕುರಿತ ಅಧ್ಯಯನಗಳನ್ನೆಲ್ಲ ಜಾಲಾಡಿ, ದೀರ್ಘ ವಿಶ್ರಾಂತಿಗಿಂತ ಬೇಗ ಚಲನೆಗೆ ಮರಳುವುದೇ ಮೇಲು ಎಂದಿತು.

ಮಲಗಿಯೇ ಇದ್ದರೆ ದೇಹಕ್ಕೆ ಏನಾಗುತ್ತದೆ? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆರೋಗ್ಯವಂತರಾದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಟ್ಟು ನೋಡಿದರು. ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಪರೀಕ್ಷಿಸಿದಾಗ, ವಯಸ್ಸು ಮಾಡಿದ ಹಾನಿ ಆ ಮೂರು ವಾರದ ಹಾನಿಗಿಂತ ಕಡಿಮೆಯಿತ್ತು!

ಹಾಗೆಂದು ಆಸ್ಪತ್ರೆಯಿಂದ ಬಂದ ದಿನವೇ ಡಂಬೆಲ್ ಎತ್ತುವುದಲ್ಲ. ಮೊದಲು ಮೂಳೆ ಮುರಿದಿಲ್ಲವೆಂದು ವೈದ್ಯರು ಖಚಿತಪಡಿಸಬೇಕು. ಕೈಕಾಲು ಜೋಮು ಹಿಡಿಯುವುದು, ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು, ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಬಿಟ್ಟು ಕೂಡಲೇ ವೈದ್ಯರ ಬಳಿಗೆ ಹೋಗಿ.

ಗಂಟಲಿನ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡಂತೆ, ತಲೆಯನ್ನು ನೆಟ್ಟಗೆ ಹಿಡಿಯುವ ಸಣ್ಣ ಸ್ನಾಯುಗಳಿವೆ. ನೋವು ಬಂದೊಡನೆ ಇವು ಸುಮ್ಮನಾಗುತ್ತವೆ, ಹೊರಗಿನ ದೊಡ್ಡ ಸ್ನಾಯುಗಳು ಇವುಗಳ ಪಾಲಿನ ದುಡಿಮೆಯನ್ನೂ ಹೊತ್ತು ಬಿಗಿಯುತ್ತವೆ. ಒಳಗಿನವನ್ನು ಎಬ್ಬಿಸುವ ಬಗೆ ಹೀಗೆ: ಮಂಡಿ ಮಡಚಿ ಅಂಗಾತ ಮಲಗಿ, ತಲೆಯಡಿ ಮಡಚಿದ ಟವೆಲ್ ಇಡಿ. ತಲೆ ಎತ್ತದೆ, 'ಹೌದು' ಎನ್ನುವಂತೆ ಗಲ್ಲವನ್ನು ತುಸುವೇ ಒಳಕ್ಕೆಳೆದು ಹತ್ತು ಸೆಕೆಂಡು ಹಿಡಿಯಿರಿ. ಉಸಿರು ಕಟ್ಟಬೇಡಿ. ಕಿವಿಯ ಹಿಂದಿನಿಂದ ಎದೆಯ ಮೇಲ್ತುದಿಗೆ ಇಳಿಯುವ ಸ್ನಾಯುವಿನ ಮೇಲೆ ಬೆರಳಿಡಿ. ಅದು ಹಗ್ಗದಂತೆ ಉಬ್ಬಿದರೆ ಬಲ ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ. ನೋಡುವವರಿಗೆ ನೀವು ಏನೂ ಮಾಡುತ್ತಿಲ್ಲವೆಂದೇ ಕಾಣಬೇಕು. ಹತ್ತು ಸಲ ಮಾಡಿದರೆ ಸಾಕು.

ಇದರ ಜೊತೆಗೆ ನಡಿಗೆ ಇರಲಿ. ಮಾಡುವಾಗ ತುಸು ನೋವಾದರೆ ಹೆದರಬೇಡಿ. ಮರುದಿನ ಬೆಳಗ್ಗೆಯೂ ಆ ನೋವು ಹೆಚ್ಚಾಗಿಯೇ ಇದ್ದರೆ ಹಿಂದಿನ ದಿನದ ಪ್ರಮಾಣ ಜಾಸ್ತಿಯಾಗಿತ್ತು, ತಗ್ಗಿಸಿ.

ಭುಜದಾಚೆಗೆ ಎರಡೂ ಕಡೆ ಸಲೀಸಾಗಿ ತಿರುಗಿ ನೋಡಲಾಗುವವರೆಗೆ ಕಾರು ಓಡಿಸಬೇಡಿ. ಮತ್ತೆ ಓಡಿಸುವ ದಿನ, ಸೀಟಿನ ತಲೆಯಾನಿಕೆಯನ್ನು ನೆತ್ತಿಯ ಮಟ್ಟಕ್ಕೆ ಏರಿಸಿ, ತಲೆಗೆ ಆದಷ್ಟು ಹತ್ತಿರವಿರಲಿ. ಅದನ್ನು ಅಲಂಕಾರಕ್ಕೆಂದು ಇಟ್ಟಿಲ್ಲ. ನಮಸ್ಕಾರ.