ಚಿಯರ್‌ಲೀಡಿಂಗ್: ಮುಷ್ಟಿಯಿಂದ ಹೈ ವಿ ತನಕ

ಕೇಳುಗರಿಗೆ ನಮಸ್ಕಾರ. ಇವತ್ತು ಚಿಯರ್‌ಲೀಡಿಂಗ್‌ನ, ಅಂದರೆ ಪಂದ್ಯದ ವೇಳೆ ಪ್ರೇಕ್ಷಕರನ್ನು ಹುರಿದುಂಬಿಸುವ ಕಲೆಯ, ತೋಳಿನ ಭಂಗಿಗಳನ್ನು ಕಲಿಯೋಣ.

1898ರ ನವೆಂಬರ್ 2ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ. ಚಿಯರ್‌ಲೀಡಿಂಗ್ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಕ್ರೀಡಾಂಗಣದ ಕೊನೆಯ ಸಾಲಿಗೆ ಕೂಗು ಸ್ಪಷ್ಟವಾಗಿ ಕೇಳಿಸದಿದ್ದರೂ ಎತ್ತಿದ ಕೈ ಕಾಣುತ್ತದೆ. ಅಷ್ಟು ದೂರದಿಂದ ನೋಡುವವರಿಗೆ ತೋಳೆಂದರೆ ಭುಜದಿಂದ ಮುಷ್ಟಿಯವರೆಗಿನ ಒಂದು ಗೆರೆ, ಅಷ್ಟೆ. ಅದು ನೇರವಾಗಿರಬೇಕು. ಸುತ್ತ ಜಾಗವಿದ್ದರೆ ಎದ್ದು ನಿಂತು, ಮಾಡುತ್ತಲೇ ಕೇಳಿ.

ಮೊದಲು ಮುಷ್ಟಿ. ನಾಲ್ಕು ಬೆರಳು ಮಡಚಿ, ಹೆಬ್ಬೆರಳನ್ನು ಹೊರಗಿನಿಂದ ಅವುಗಳ ಮೇಲೆ ಅಡ್ಡವಾಗಿಡಿ. ಒಳಗೆ ಅಡಗಿಸಬೇಡಿ, ಮೇಲಕ್ಕೆ ಚಾಚಲೂ ಬೇಡಿ. ಇನ್ನು ಮಣಿಕಟ್ಟು. ಹೊಸಬರ ಗೆರೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಮುಂಗೈ ಮೇಲೆ ಒಂದು ಸ್ಕೇಲ್ ಇಟ್ಟು ನೋಡಿ: ಅದು ಮುಷ್ಟಿಯ ಹಿಂಭಾಗಕ್ಕೂ ತಾಗಿ ಕೂರಬೇಕು. ನಡುವೆ ಸಂದು ಕಂಡರೆ ಮಣಿಕಟ್ಟು ಬಾಗಿದೆ ಎಂದರ್ಥ.

ಈಗ ಎರಡೂ ತೋಳನ್ನು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿ. ಅಂಗೈ ನೆಲದ ಕಡೆ, ಮುಷ್ಟಿಯ ಹೆಬ್ಬೆರಳಿನ ಬದಿ ಮುಂದೆ. ಇದು 'ಟಿ'. ಇಲ್ಲಿಂದ 45 ಡಿಗ್ರಿ ಮೇಲೆತ್ತಿದರೆ 'ಹೈ ವಿ', ಅಷ್ಟೇ ಇಳಿಸಿದರೆ 'ಲೋ ವಿ'. ಮೂರರಲ್ಲೂ ತೋಳು ದೇಹಕ್ಕಿಂತ ತುಸು ಮುಂದಿರಬೇಕು. ನೇರ ಎದುರಿಗೆ ನೋಡುತ್ತಿರುವಾಗಲೇ ಎರಡೂ ಮುಷ್ಟಿ ಕಣ್ಣಂಚಿಗೆ ಬಿದ್ದರೆ ಟಿ ಮತ್ತು ಹೈ ವಿ ಸರಿ ಇವೆ. ತೋಳು ಹಿಂದೆ ಸರಿದರೆ ಸೊಂಟ ಬಾಗುತ್ತದೆ, ಭುಜಕ್ಕೂ ಎಳೆತ. ಹೈ ವಿಯಲ್ಲಿ ಭುಜ ಕಿವಿಯತ್ತ ಏರಿ ಕತ್ತು ಮುಚ್ಚಿಹೋಗುವುದು ಇನ್ನೊಂದು ತಪ್ಪು. ಭುಜವನ್ನು ಮೊದಲೇ ಕೆಳಗೆ ಬಿಟ್ಟು, ಆಮೇಲೆ ಕೈ ಎತ್ತಿ.

'ಟಚ್‌ಡೌನ್' ಮಾಡುವಾಗ ಮುಷ್ಟಿಯ ದಿಕ್ಕು ಬದಲಾಗುತ್ತದೆ. ತೋಳುಗಳು ಕಿವಿಯ ಪಕ್ಕದಲ್ಲಿ ನೇರ ಮೇಲಕ್ಕೆ, ಕಿರುಬೆರಳಿನ ಬದಿ ಮುಂದೆ. ಅದೇ ದಿಕ್ಕಿನಲ್ಲಿ ಮುಷ್ಟಿಗಳನ್ನು ಭುಜದ ಮುಂದಕ್ಕೆ ತಂದು ಮೊಣಕೈಗಳನ್ನು ಪಕ್ಕೆಗೆ ಒತ್ತಿದರೆ 'ಡ್ಯಾಗರ್ಸ್'. ಒಂದು ಕೈ ಟಚ್‌ಡೌನ್, ಇನ್ನೊಂದು ಟಿ ಆದರೆ 'ಎಲ್'.

ಚಪ್ಪಾಳೆಗೆ ಬೆರಳುಗಳನ್ನು ಕೂಡಿಸಿ ಅಂಗೈಗಳನ್ನು ಗಲ್ಲದ ಕೆಳಗೆ, ಎದೆಯ ಮುಂದೆ ತಟ್ಟಿ. ಮೊಣಕೈ ಒಳಗೇ ಇರಲಿ.

ಭಂಗಿಗಳು ಇಷ್ಟೆ. ಕಷ್ಟವಿರುವುದು ಒಂದರಿಂದ ಇನ್ನೊಂದಕ್ಕೆ ಹೋಗುವಲ್ಲಿ. ಲೋ ವಿಯಿಂದ ಹೈ ವಿಗೆ ನೀಳ ತೋಳನ್ನು ಪಕ್ಕದಿಂದ ಬೀಸಿದರೆ ದಾರಿ ಉದ್ದ, ತಾಳ ತಪ್ಪುತ್ತದೆ. ಮೊಣಕೈ ಮಡಚಿ, ಮುಷ್ಟಿಯನ್ನು ಎದೆಯ ಹತ್ತಿರದಿಂದ ಹಾಯಿಸಿ ಹೊರಗೆ ಚಿಮ್ಮಿಸಿ. ತಲುಪಿದ ಕ್ಷಣ ಸ್ನಾಯು ಬಿಗಿಹಿಡಿಯಿರಿ, ಇಲ್ಲವಾದರೆ ಕೈ ಪುಟಿಯುತ್ತದೆ. ಹಾಗೆಂದು ಮೊಣಕೈಯನ್ನು ನೇರಕ್ಕಿಂತ ಆಚೆಗೆ ಝಾಡಿಸಬೇಡಿ, ಕೀಲು ನೋಯುತ್ತದೆ. ಎಂಟರ ಎಣಿಕೆಯಲ್ಲಿ ನಿಧಾನವಾಗಿ ಆರಂಭಿಸಿ: ಒಂದಕ್ಕೆ ಭಂಗಿ, ಎರಡಕ್ಕೆ ಹಿಡಿತ, ಮೂರಕ್ಕೆ ಮುಂದಿನದು. ಕೈ ಅಲುಗದೆ ನಿಲ್ಲತೊಡಗಿದ ಮೇಲೆ ಪ್ರತಿ ಎಣಿಕೆಗೂ ಒಂದು ಭಂಗಿ ಮಾಡಿ.

ಕನ್ನಡಿ ಬೇಕು, ಆದರೆ ಅದನ್ನೇ ನೆಚ್ಚಿಕೊಳ್ಳಬಾರದು. ಕಣ್ಣು ಮುಚ್ಚಿ ಹೈ ವಿ ಮಾಡಿ, ಅಲ್ಲಾಡದೆ ಕಣ್ಣು ತೆರೆದು ಕನ್ನಡಿ ನೋಡಿ. ಒಂದು ಕೈ ತಗ್ಗಿದ್ದರೆ ಆ ಕೈಯೊಂದನ್ನೇ, ಕಣ್ಣು ಮುಚ್ಚಿಕೊಂಡೇ, ಸರಿಯಾದ ಎತ್ತರಕ್ಕೆ ತಾನಾಗಿ ಏರುವವರೆಗೆ ಎತ್ತಿ ಇಳಿಸುತ್ತಿರಿ.

ನಮಸ್ಕಾರ.